ಡ್ರಿಪ್‌ನಲ್ಲಿ ಹರಿಯುವ ಔಷಧಿ ಕಣ್ಣಿನೊಳಗೆ ಎಷ್ಟು ಹೋಗುತ್ತದೆ?

ಪ್ರಶ್ನೆ: ನನ್ನ ಅಣ್ಣನಿಗೆ 46 ವರ್ಷ. ಬೇರೆ ಕಾಯಿಲೆ ಏನೂ ಇರಲಿಲ್ಲ. ಬಲಗಣ್ಣು ಕೆಂಪಾಗಿ, ನೋಟ ಮಂಜಾಗಿ, ಕಣ್ಣೆದುರು ಕಪ್ಪು ಚುಕ್ಕೆಗಳು ತೇಲಾಡಲು ಶುರುವಾಯಿತು. ಕಣ್ಣಿನ ಒಳಪರದೆಯಾದ ರೆಟಿನಾಗೆ ವೈರಸ್ ಸೋಂಕು, ಹೆಸರು ‘ಅಕ್ಯೂಟ್ ರೆಟಿನಲ್ ನೆಕ್ರೋಸಿಸ್’ ಎಂದರು. ಕಣ್ಣಿನ ನೀರು ತೆಗೆದು ಪರೀಕ್ಷೆ ಮಾಡಿದಾಗ ಚಿಕನ್‌ಪಾಕ್ಸ್ ವೈರಸ್ ಸಿಕ್ಕಿತು. ಅಡ್ಮಿಟ್ ಮಾಡಿ ದಿನಕ್ಕೆ ಮೂರು ಸಲ ಅಸೈಕ್ಲೋವಿರ್ ಡ್ರಿಪ್ ಹಾಕುತ್ತಿದ್ದಾರೆ. ಅದು ಸಾಲದೆಂಬಂತೆ ಕಣ್ಣಿನೊಳಗೇ ಸೂಜಿ ಚುಚ್ಚಿ ಫಾಸ್ಕಾರ್ನೆಟ್ ಎಂಬ ಔಷಧಿ ಕೊಟ್ಟರು. ಇನ್ನೂ ಕೆಲವು ಸಲ ಕೊಡಬೇಕಂತೆ. ಅಣ್ಣ ತುಂಬಾ ಹೆದರಿದ್ದಾನೆ. ರಕ್ತದಲ್ಲಿ ಅಷ್ಟು ಔಷಧಿ ಹರಿಯುತ್ತಿರುವಾಗ ಕಣ್ಣಿಗೆ ಸೂಜಿ ಯಾಕೆ? ಡ್ರಿಪ್ ಡೋಸನ್ನೇ ಜಾಸ್ತಿ ಮಾಡಬಾರದೇ? ಇನ್ನು ಕೆಲವು ದಿನಕ್ಕೆ ಡ್ರಿಪ್ ನಿಲ್ಲಿಸಿ ಮಾತ್ರೆಗೆ ಬದಲಾಯಿಸುತ್ತಾರಂತೆ. ಡ್ರಿಪ್‌ನಲ್ಲೇ ಸಾಲದ್ದು ಮಾತ್ರೆಯಲ್ಲಿ ಸಾಲುತ್ತದೆಯೇ?

ಉತ್ತರ: ಕಣ್ಣಿಗೆ ಸೂಜಿ ಅಂದರೆ ಯಾರಿಗಾದರೂ ಎದೆ ಝಲ್ಲೆನ್ನುತ್ತದೆ. ಅಣ್ಣ ಹೆದರಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ನೀವು ಬರೆದದ್ದನ್ನು ನೋಡಿದರೆ ಅವರ ವೈದ್ಯರು ಹಿಡಿದಿರುವ ದಾರಿ ಸರಿಯಾಗಿಯೇ ಇದೆ. ನಿಮ್ಮ ಮೂರೂ ಪ್ರಶ್ನೆಗಳ ಬುಡದಲ್ಲಿರುವುದು ಒಂದೇ ವಿಷಯ: ರಕ್ತಕ್ಕೆ ಸೇರಿದ ಔಷಧಿ ಕಣ್ಣಿನೊಳಗೆ ಎಷ್ಟು ಹೋಗುತ್ತದೆ?

ಹೋಗುತ್ತದೆ, ಆದರೆ ಸ್ವಲ್ಪ. ಆ ಸ್ವಲ್ಪವೂ ಎಲ್ಲ ಕಡೆ ಒಂದೇ ಸಮ ಹೋಗುವುದಿಲ್ಲ. ವೈರಸ್ ಆಗಲೇ ಹಾಳು ಮಾಡಿದ ಜಾಗಕ್ಕೆ ಚೆನ್ನಾಗಿ ನುಗ್ಗುತ್ತದೆ. ಇನ್ನೂ ಚೆನ್ನಾಗಿರುವ, ನಾವು ಉಳಿಸಿಕೊಳ್ಳಬೇಕಾದ ಜಾಗಕ್ಕೆ ಕಡಿಮೆ ಹೋಗುತ್ತದೆ. ತೊಡಕು ಇರುವುದು ಇಲ್ಲೇ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ದೇಹದ ಹೆಚ್ಚಿನ ಕಡೆ ಸಣ್ಣ ರಕ್ತನಾಳಗಳ ಗೋಡೆ ಅಷ್ಟೊಂದು ಬಿಗಿಯಾಗಿರುವುದಿಲ್ಲ. ಔಷಧಿಯ ಸಣ್ಣ ಅಣುಗಳು ಜೀವಕೋಶಗಳ ಸಂದಿಯಲ್ಲಿ ನುಸುಳಿ ಹೊರಗೆ ಬರುತ್ತವೆ. ಚರ್ಮದ ಮೇಲೆ ಸರ್ಪಸುತ್ತು ಎದ್ದಾಗ ಅಸೈಕ್ಲೋವಿರ್ ಅಲ್ಲಿಗೆ ತಲುಪುವುದು ಹೀಗೆಯೇ. ರೆಟಿನಾದ ರಕ್ತನಾಳಗಳು ಬೇರೆ ತರಹ. ಅವುಗಳ ಒಳಗೋಡೆಯ ಕೋಶಗಳು ಒಂದಕ್ಕೊಂದು ಹೊಲಿದಂತೆ ಅಂಟಿಕೊಂಡಿರುತ್ತವೆ. ಸಂದಿಯೇ ಇಲ್ಲ ಎನ್ನಬಹುದು. ಒಂದು ವಸ್ತು ರಕ್ತದಿಂದ ರೆಟಿನಾಗೆ ದಾಟಬೇಕಾದರೆ ಕೋಶದ ಮೈಯೊಳಗಿಂದಲೇ ಹೋಗಬೇಕು. ಮಿದುಳಿನಲ್ಲಿ ಇರುವುದೂ ಇದೇ ಬಗೆಯ ಗೋಡೆ. ರೆಟಿನಾ ಹುಟ್ಟುವುದೇ ಮಿದುಳಿನ ಒಂದು ಕವಲಾಗಿ, ಹಾಗಾಗಿ ಕಾವಲೂ ಹಾಗೆಯೇ ಇದೆ.

ರೆಟಿನಾದ ಹಿಂದೆ ಇನ್ನೊಂದು ಪದರ ಇದೆ, ಕೋರಾಯ್ಡ್. ಅದು ಪೂರ್ತಿ ರಕ್ತನಾಳಗಳದ್ದೇ ಹೆಣಿಗೆ, ಮತ್ತು ಆ ನಾಳಗಳು ಸೋರುವಂಥವು. ಔಷಧಿ ಅಲ್ಲಿಗೆ ಧಾರಾಳವಾಗಿ ಬರುತ್ತದೆ. ಆದರೆ ಕೋರಾಯ್ಡ್ ಮತ್ತು ರೆಟಿನಾದ ನಡುವೆ ಬಣ್ಣದ ಕೋಶಗಳ ಒಂದು ಸಾಲು ಅಡ್ಡ ನಿಂತಿದೆ, ಅದೂ ಬಿಗಿಯಾಗಿ ಹೆಣೆದುಕೊಂಡ ಸಾಲು. ಜಗಲಿಯವರೆಗೆ ಬಂದ ನೆಂಟರನ್ನು ನಡುಮನೆಗೆ ಬಿಡದ ಹಾಗೆ ಇದು. ಹೀಗೆ ರೆಟಿನಾಗೆ ಎರಡೂ ಕಡೆಯಿಂದ ತಡೆ ಇದೆ. ಎರಡನ್ನೂ ಸೇರಿಸಿ ‘ರಕ್ತ–ರೆಟಿನಾ ತಡೆಗೋಡೆ’ ಎನ್ನುತ್ತಾರೆ.

ಹಾಗಾದರೆ ಕೋಶದ ಮೈಯೊಳಗಿಂದ ದಾಟಬಹುದಲ್ಲ? ಕೊಬ್ಬಿನಲ್ಲಿ ಕರಗುವ ಔಷಧಿಗಳು ದಾಟುತ್ತವೆ. ಕೋಶದ ಹೊರಪದರ ಕೊಬ್ಬಿನದೇ ಆದ್ದರಿಂದ ಸ್ಟೀರಾಯ್ಡ್‌ನಂಥವು ಸಲೀಸಾಗಿ ಒಳಗೆ ಹೋಗುತ್ತವೆ. ಅಸೈಕ್ಲೋವಿರ್, ಫಾಸ್ಕಾರ್ನೆಟ್, ಇಂಥದ್ದೇ ಇನ್ನೊಂದು ವೈರಸ್ ಔಷಧಿ ಗ್ಯಾನ್ಸಿಕ್ಲೋವಿರ್, ಮೂರೂ ನೀರನ್ನು ಇಷ್ಟಪಡುವ ಅಣುಗಳು. ಗಾತ್ರದಲ್ಲಿ ಇವು ಪುಟಾಣಿಗಳು. ಅಸೈಕ್ಲೋವಿರ್‌ನ ಅಣುತೂಕ ಸುಮಾರು 225, ಗ್ಯಾನ್ಸಿಕ್ಲೋವಿರ್‌ನದು ಸುಮಾರು 255. ರಕ್ತದ ಪ್ರೋಟೀನ್‌ಗೂ ಇವು ಜಾಸ್ತಿ ಅಂಟಿಕೊಳ್ಳುವುದಿಲ್ಲ. ಅಂದರೆ ಗಾತ್ರವೂ ತೊಂದರೆ ಅಲ್ಲ, ಬಿಡಿಯಾಗಿ ಓಡಾಡುವ ಔಷಧಿಗೂ ಕೊರತೆ ಇಲ್ಲ. ಕೊಬ್ಬಿನ ಪದರಕ್ಕೂ ಇವಕ್ಕೂ ಆಗಿಬರುವುದಿಲ್ಲ, ಅಷ್ಟೇ. ಅದರ ಮೇಲೆ, ಈ ಗೋಡೆಯ ಕೋಶಗಳಲ್ಲಿ ಬೇಡದ ವಸ್ತುಗಳನ್ನು ಹಿಡಿದು ವಾಪಸ್ ರಕ್ತಕ್ಕೆ ತಳ್ಳುವ ಪಂಪ್‌ಗಳೂ ಇವೆ.

ಈಗ ಅಣ್ಣನ ಡ್ರಿಪ್ಪಿನ ಲೆಕ್ಕ ಹಾಕೋಣ. ಸಾಮಾನ್ಯ ಡೋಸ್ ಅಂದರೆ ದೇಹದ ಪ್ರತಿ ಕಿಲೋ ತೂಕಕ್ಕೆ 10 ಮಿಲಿಗ್ರಾಂ, ಎಂಟು ಗಂಟೆಗೊಮ್ಮೆ. ತೂಕ 60 ಕಿಲೋ ಇದ್ದರೆ ಸಲಕ್ಕೆ 600, ದಿನಕ್ಕೆ 1800 ಮಿಲಿಗ್ರಾಂ. ಡ್ರಿಪ್ ಮುಗಿದ ಹೊತ್ತಿಗೆ ರಕ್ತದಲ್ಲಿ ಒಂದು ಮಿಲಿಲೀಟರಿಗೆ ಸುಮಾರು 20 ಮೈಕ್ರೋಗ್ರಾಂ ಔಷಧಿ ಇರುತ್ತದೆ. ಕಿಡ್ನಿ ಅದನ್ನು ಬೇಗ ಹೊರಹಾಕುತ್ತದೆ. ಎರಡೂವರೆ–ಮೂರು ಗಂಟೆಗೆ ಅರ್ಧ ಖಾಲಿ. ಮುಂದಿನ ಡ್ರಿಪ್ಪಿನ ಹೊತ್ತಿಗೆ 2 ಮೈಕ್ರೋಗ್ರಾಂ ಆಸುಪಾಸಿಗೆ ಇಳಿದಿರುತ್ತದೆ. ಇಡೀ ದಿನದ ಸರಾಸರಿ ತೆಗೆದರೆ ನಾಲ್ಕೈದು ಮೈಕ್ರೋಗ್ರಾಂ ಎನ್ನಿ.

ಕಣ್ಣುಗುಡ್ಡೆಯ ಒಳಗೆ ತುಂಬಿರುವ ಲೋಳೆಯಂಥ ದ್ರವಕ್ಕೆ ವಿಟ್ರಿಯಸ್ ಎನ್ನುತ್ತಾರೆ. ಅದು ಇರುವುದು ಸುಮಾರು 4 ಮಿಲಿಲೀಟರ್. ರಕ್ತದಲ್ಲಿರುವ ಅಸೈಕ್ಲೋವಿರ್‌ನ ಸುಮಾರು ಕಾಲು ಭಾಗದಷ್ಟು ಮಟ್ಟ ಅಲ್ಲಿ ಸಿಗುತ್ತದೆ ಎಂದು ಅಳತೆಗಳು ತೋರಿಸಿವೆ. ಮಿದುಳಿನ ಸುತ್ತಲ ದ್ರವಕ್ಕೆ ಸುಮಾರು ಅರ್ಧ ಹೋಗುತ್ತದೆ. ಕಣ್ಣು ಅದಕ್ಕಿಂತ ಜಿಪುಣ. ನಾಲ್ಕೈದರ ಕಾಲು ಭಾಗ ಅಂದರೆ ಮಿಲಿಲೀಟರಿಗೆ ಒಂದು ಮೈಕ್ರೋಗ್ರಾಂ ಆಚೀಚೆ. ನಾಲ್ಕು ಮಿಲಿಲೀಟರಿಗೆ ಗುಣಿಸಿ ನೋಡಿ. ದಿನಕ್ಕೆ 1800 ಮಿಲಿಗ್ರಾಂ ಹರಿಸಿದರೂ ಯಾವುದೇ ಒಂದು ಹೊತ್ತಿನಲ್ಲಿ ವಿಟ್ರಿಯಸ್‌ನಲ್ಲಿ ಇರುವುದು ಬೆರಳೆಣಿಕೆಯ ಮೈಕ್ರೋಗ್ರಾಂ ಮಾತ್ರ. ಒಂದು ಮಿಲಿಗ್ರಾಂನ ಸಾವಿರದಲ್ಲೊಂದು ಪಾಲೇ ಒಂದು ಮೈಕ್ರೋಗ್ರಾಂ!

ಇಷ್ಟು ಸಾಕೇ? ವೈರಸ್ ಯಾವುದು ಎಂಬುದರ ಮೇಲೆ ಹೋಗುತ್ತದೆ. ಬಾಯಿಯ ಸುತ್ತ ಗುಳ್ಳೆ ಎಬ್ಬಿಸುವ ಹರ್ಪಿಸ್ ಸಿಂಪ್ಲೆಕ್ಸ್ ಅಸೈಕ್ಲೋವಿರ್‌ಗೆ ಬೇಗ ಬಗ್ಗುತ್ತದೆ. ಬಹಳಷ್ಟು ಸಲ ಒಂದು ಮೈಕ್ರೋಗ್ರಾಂಗಿಂತ ಕಡಿಮೆ ಮಟ್ಟದಲ್ಲೇ ಅದರ ಬೆಳವಣಿಗೆ ಅರ್ಧಕ್ಕೆ ಇಳಿಯುತ್ತದೆ. ಚಿಕನ್‌ಪಾಕ್ಸ್ ಮತ್ತು ಸರ್ಪಸುತ್ತು ತರುವ ವೈರಸ್ ಒಂದೇ, ವ್ಯಾರಿಸೆಲ್ಲಾ ಝಾಸ್ಟರ್. ಅದು ಸ್ವಲ್ಪ ಗಟ್ಟಿ ಪಿಂಡ. ಪ್ರಯೋಗಾಲಯದಲ್ಲಿ ಅದನ್ನು ಅರ್ಧಕ್ಕೆ ಇಳಿಸಲು ಬೇಕಾದ ಮಟ್ಟ 0.12ರಿಂದ 10.8 ಮೈಕ್ರೋಗ್ರಾಂವರೆಗೂ ಕಂಡುಬಂದಿದೆ. ಅಂದರೆ ಕೆಲವು ತಳಿಗಳಿಗೆ ಡ್ರಿಪ್ಪಿನಿಂದ ಕಣ್ಣಿಗೆ ಸಿಗುವ ಮಟ್ಟ ಬೇಕಾದಷ್ಟಾಯಿತು, ಕೆಲವಕ್ಕೆ ಏನೇನೂ ಸಾಲದು. ನಿಮ್ಮ ಅಣ್ಣನಿಗೆ ಇರುವುದು ಈ ವೈರಸ್ಸೇ. ಅವರ ಕಣ್ಣಲ್ಲಿರುವ ತಳಿ ಯಾವ ಕಡೆಯದು ಎಂದು ಚಿಕಿತ್ಸೆ ಶುರು ಮಾಡುವ ಹೊತ್ತಿಗೆ ಯಾರಿಗೂ ಗೊತ್ತಿರುವುದಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ‘ಕಾಲು ಭಾಗ ಹೋಗುತ್ತದೆ’ ಎಂಬ ಲೆಕ್ಕವನ್ನು ತೀರಾ ನೆಚ್ಚಿಕೊಳ್ಳಬೇಡಿ. ವೈರಸ್ ಇರುವುದು ರೆಟಿನಾದ ಕೋಶಗಳ ಒಳಗೆ. ನಾವು ಅಳೆಯುವುದು ಪಕ್ಕದ ವಿಟ್ರಿಯಸ್ಸನ್ನು. ಬದುಕಿರುವ ಮನುಷ್ಯನ ರೆಟಿನಾವನ್ನು ಸುಮ್ನೆ ಔಷಧಿ ಅಳೆಯಲಿಕ್ಕೆಂದು ಕತ್ತರಿಸಲು ಆಗುವುದಿಲ್ಲ, ಅಲ್ವಾ? ಹಾಗಾಗಿ ಬೇರೆ ಕಾರಣಕ್ಕೆ ಆಪರೇಷನ್ ಮಾಡುವಾಗ ಒಂದಿಷ್ಟು ವಿಟ್ರಿಯಸ್ ತೆಗೆದು ಅಳೆಯುತ್ತಾರೆ. ಅಂಥ ಕಣ್ಣುಗಳಲ್ಲಿ ಎಷ್ಟೋ ಸಲ ಉರಿಯೂತ ಇರುತ್ತದೆ, ರೆಟಿನಾ ಕಿತ್ತು ಬಂದಿರುತ್ತದೆ, ಗೋಡೆ ಮೊದಲೇ ಸೋರುತ್ತಿರುತ್ತದೆ. ಅಲ್ಲಿ ಸಿಕ್ಕ ಅಂಕಿ ಗಟ್ಟಿಮುಟ್ಟಾದ ಗೋಡೆಗೆ ಹೊಂದುವುದಿಲ್ಲ.

ಔಷಧಿಗೆ ಅನುಕೂಲವಾಗುವ ಸಂಗತಿಯೂ ಒಂದಿದೆ. ಅಸೈಕ್ಲೋವಿರ್ ಇದ್ದ ಹಾಗೇ ಕೆಲಸ ಮಾಡುವುದಿಲ್ಲ. ಅದಕ್ಕೆ ಮೂರು ಫಾಸ್ಫೇಟ್ ಸೇರಬೇಕು, ಮೊದಲನೆಯದನ್ನು ಸೇರಿಸುವುದು ವೈರಸ್ಸಿನದೇ ಕಿಣ್ವ. ತನ್ನನ್ನು ಕೊಲ್ಲುವ ಔಷಧಿಯನ್ನು ವೈರಸ್ಸೇ ಚಾಲೂ ಮಾಡಿಕೊಳ್ಳುತ್ತದೆ. ಹೀಗೆ ಬದಲಾದ ಔಷಧಿಗೆ ವಿದ್ಯುತ್ ಆವೇಶ ಬರುವುದರಿಂದ ಅದು ಕೋಶದಿಂದ ಸುಲಭವಾಗಿ ಹೊರಗೆ ಹೋಗಲಾರದು. ಸೋಂಕು ತಗುಲಿದ ಕೋಶದಲ್ಲೇ ಕೂಡಿಕೊಳ್ಳುತ್ತದೆ. ಗ್ಯಾನ್ಸಿಕ್ಲೋವಿರ್‌ನದೂ ಇದೇ ಕತೆ. ಆದ್ದರಿಂದ ವಿಟ್ರಿಯಸ್‌ನಲ್ಲಿ ಅಳತೆ ಕಡಿಮೆ ಬಂದಾಗಲೂ ರೋಗಿಗಳು ಗುಣವಾಗಿದ್ದಾರೆ. ಬರೀ ಡ್ರಿಪ್ಪಿನಲ್ಲೇ ಎಷ್ಟೋ ಕಣ್ಣುಗಳಲ್ಲಿ ಸೋಂಕು ಆರಿದೆ. ಡ್ರಿಪ್ ದಂಡ ಎಂದು ನಾನು ಹೇಳುತ್ತಿಲ್ಲ.

ಈಗ ಮುಖ್ಯವಾದ ವಿಷಯಕ್ಕೆ ಬರೋಣ. ಪಾಪೆ ಹಿಗ್ಗಿಸಿ, ತಲೆಗೆ ದೀಪ ಕಟ್ಟಿಕೊಂಡು, ಕೈಯಲ್ಲಿ ಲೆನ್ಸ್ ಹಿಡಿದು ವೈದ್ಯರು ಅಣ್ಣನ ಕಣ್ಣೊಳಗೆ ನೋಡುತ್ತಾರಲ್ಲ, ಅವರಿಗೆ ಏನು ಕಾಣುತ್ತದೆ ಗೊತ್ತೇ? ವಿಟ್ರಿಯಸ್ ಮಂಜು ಕವಿದಂತೆ ಇರುತ್ತದೆ. ಅದರಾಚೆ ರೆಟಿನಾದ ಹೊರಸುತ್ತಿನಲ್ಲಿ ಬೆಳ್ಳಗೆ, ಹಳದಿಗೆ ತಿರುಗಿದ ಮಚ್ಚೆಗಳು. ಅಂಚು ಸ್ಪಷ್ಟ. ದಿನ ಕಳೆದಂತೆ ಮಚ್ಚೆಗಳು ಒಂದಕ್ಕೊಂದು ಕೂಡಿಕೊಂಡು ಬಳೆಯಂತೆ ಸುತ್ತುವರಿದು ಒಳಗೆ ಬರುತ್ತವೆ. ಮಧ್ಯದಲ್ಲಿ, ಅಕ್ಷರ ಓದುವ ಮುಖ ಗುರುತಿಸುವ ಭಾಗ, ಬಹಳಷ್ಟು ಸಲ ಇನ್ನೂ ಚೆನ್ನಾಗಿಯೇ ಇರುತ್ತದೆ. ಮಚ್ಚೆ ಇರುವ ಕಡೆ ಸಣ್ಣ ಅಪಧಮನಿಗಳು ಮುಚ್ಚಿಹೋಗಿ ತೆಳ್ಳಗಿನ ಬಿಳಿ ಗೆರೆಗಳಾಗಿರುತ್ತವೆ.

ಈ ಚಿತ್ರಕ್ಕೆ ಔಷಧಿಯ ದಾರಿಯನ್ನು ಹೊಂದಿಸಿ ನೋಡಿ. ಮಚ್ಚೆಯ ನಡುವೆ ಗೋಡೆ ಒಡೆದಿದೆ, ಅಲ್ಲಿಗೆ ಔಷಧಿ ಸೋರಬಹುದು. ಆದರೆ ಅಲ್ಲಿನ ರೆಟಿನಾ ಸತ್ತಾಗಿದೆ. ಕೆಲವು ಕಡೆ ರಕ್ತನಾಳವೇ ಮುಚ್ಚಿದೆ, ಔಷಧಿ ಹೊತ್ತು ತರುವ ರಕ್ತವೇ ಬರುವುದಿಲ್ಲ. ವೈರಸ್ ಜೋರಾಗಿ ಬೆಳೆಯುತ್ತಿರುವುದು ಅಂಚಿನಲ್ಲಿ. ಅದರ ಮುಂದಿರುವ ಚೆನ್ನಾದ ರೆಟಿನಾದಲ್ಲಿ ಗೋಡೆ ಇನ್ನೂ ಭದ್ರ. ಕಣ್ಣಿಗೆ ಕಾಣದ ಹಾಗೆ ವೈರಸ್ ಆಗಲೇ ಅಲ್ಲಿಗೆ ಕಾಲಿಟ್ಟಿರಬಹುದು. ಔಷಧಿ ಜಾಸ್ತಿ ಬೇಕಾದ ಜಾಗ ಅದೇ, ಡ್ರಿಪ್ಪಿನಿಂದ ಕಡಿಮೆ ಸಿಗುವ ಜಾಗವೂ ಅದೇ. ಇನ್ನೊಂದು ವಿಚಿತ್ರ ಇದೆ. ಚಿಕಿತ್ಸೆ ಫಲ ಕೊಟ್ಟು ಉರಿಯೂತ ಇಳಿಯುತ್ತ ಬಂದ ಹಾಗೆ ಗೋಡೆ ಮತ್ತೆ ಬಿಗಿಯಾಗುತ್ತದೆ. ಡೋಸ್ ಬದಲಾಗದಿದ್ದರೂ ಒಳಗೆ ಹೋಗುವ ಪಾಲು ಕಡಿಮೆಯಾಗುತ್ತದೆ. ಅದಕ್ಕೇ ಶೇಕಡಾ ಇಷ್ಟು ಎಂಬ ಒಂದು ಅಂಕಿಯಿಂದ ಈ ರೋಗದಲ್ಲಿ ಏನನ್ನೂ ತೀರ್ಮಾನಿಸಬಾರದು ಎನ್ನುವುದು ನನ್ನ ಅಭಿಪ್ರಾಯ.

ಈ ಪಾಠವನ್ನು ವೈದ್ಯಲೋಕ ಕಲಿತದ್ದು ಬಹುಮಟ್ಟಿಗೆ ಏಡ್ಸ್ ರೋಗಿಗಳಿಂದ. ಎಚ್‌ಐವಿಗೆ ಒಳ್ಳೆಯ ಔಷಧಿಗಳು ಬರುವ ಮೊದಲು ಅವರಲ್ಲಿ ಎಷ್ಟೋ ಜನ ಸೈಟೋಮೆಗಾಲೋ ವೈರಸ್, ಅಂದರೆ ಸಿಎಂವಿ, ರೆಟಿನಾ ಸೋಂಕಿನಿಂದ ಕುರುಡಾಗುತ್ತಿದ್ದರು. ರೋಗನಿರೋಧಕ ಶಕ್ತಿಯ ಅಳತೆಯಾದ ಸಿಡಿ4 ಕಣಗಳ ಎಣಿಕೆ 50ಕ್ಕಿಂತ ಕೆಳಗೆ ಇಳಿದವರಲ್ಲಿ ಇದು ಬರುತ್ತಿತ್ತು. 1989ರಲ್ಲಿ ಅಮೆರಿಕದಲ್ಲಿ ಗ್ಯಾನ್ಸಿಕ್ಲೋವಿರ್‌ಗೆ, 1991ರಲ್ಲಿ ಫಾಸ್ಕಾರ್ನೆಟ್‌ಗೆ ಒಪ್ಪಿಗೆ ಸಿಕ್ಕಿತು. ಎರಡನ್ನೂ ರಕ್ತನಾಳಕ್ಕೆ ಕೊಡುತ್ತಿದ್ದರು. ಮೊದಲು ಸೋಂಕು ಇಳಿಯುತ್ತಿತ್ತು, ಕೆಲವು ವಾರ ಬಿಟ್ಟು, ಔಷಧಿ ನಡೆಯುತ್ತಿರುವಾಗಲೇ, ಮತ್ತೆ ಅಂಚಿನಿಂದ ಹಬ್ಬುತ್ತಿತ್ತು. ಯಾಕೆಂದು ವಿಟ್ರಿಯಸ್ ತೆಗೆದು ಅಳೆದರು. ಗ್ಯಾನ್ಸಿಕ್ಲೋವಿರ್ ಮಿಲಿಲೀಟರಿಗೆ ಸರಾಸರಿ ಒಂದು ಮೈಕ್ರೋಗ್ರಾಂಗಿಂತ ತುಸು ಕಡಿಮೆ ಇತ್ತು. ಸಿಎಂವಿಯ ಕೆಲವು ತಳಿಗಳನ್ನು ಅರ್ಧಕ್ಕೆ ಇಳಿಸಲು ಮೂರಕ್ಕೂ ಹೆಚ್ಚು ಬೇಕು. ಹೀಗೆ ಅರೆಹೊಟ್ಟೆ ಔಷಧಿ ಸಿಕ್ಕಾಗ ವೈರಸ್ ಸಾಯುವುದೂ ಇಲ್ಲ, ಔಷಧಿಗೆ ಬಗ್ಗದ ತಳಿಗಳಿಗೆ ತಲೆ ಎತ್ತಲು ಜಾಗವೂ ಸಿಗುತ್ತದೆ.

ಆಗ ಬಂದದ್ದು ಗ್ಯಾನ್ಸಿಕ್ಲೋವಿರ್ ತುಂಬಿದ ಒಂದು ಪುಟ್ಟ ಇಂಪ್ಲಾಂಟ್. ಅದನ್ನು ಕಣ್ಣಿನ ಗೋಡೆಗೆ ಹೊಲಿದು ಕೂರಿಸಿದರೆ ಗಂಟೆಗೆ ಒಂದು ಮೈಕ್ರೋಗ್ರಾಂನಂತೆ ತಿಂಗಳುಗಟ್ಟಲೆ ಔಷಧಿ ಬಿಡುತ್ತಿತ್ತು. ವಿಟ್ರಿಯಸ್‌ನಲ್ಲಿ ಮಟ್ಟ ನಾಲ್ಕು ಮೈಕ್ರೋಗ್ರಾಂ ಸುಮಾರಿಗೆ ನಿಲ್ಲುತ್ತಿತ್ತು. 1997ರಲ್ಲಿ ಪ್ರಕಟವಾದ ಒಂದು ಹೋಲಿಕೆಯಲ್ಲಿ, ಡ್ರಿಪ್ ಪಡೆದವರಲ್ಲಿ ಸೋಂಕು ಮತ್ತೆ ಮುಂದುವರಿಯಲು ಹಿಡಿದ ಮಧ್ಯಮ ಅವಧಿ 71 ದಿನ. ಗಂಟೆಗೆ ಒಂದು ಮೈಕ್ರೋಗ್ರಾಂ ಬಿಡುವ ಇಂಪ್ಲಾಂಟ್ ಹಾಕಿಸಿಕೊಂಡವರಲ್ಲಿ 221 ದಿನ. ಔಷಧಿ ಅದೇ, ದಾರಿ ಮಾತ್ರ ಬೇರೆ. ರಕ್ತದ ದಾರಿಯಿಂದ ಕಣ್ಣಿಗೆ ಸಾಕಷ್ಟು ಸಿಗುತ್ತಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ.

ಆದರೆ ಇದೇ ಅಧ್ಯಯನ ಇನ್ನೊಂದು ಮುಖವನ್ನೂ ತೋರಿಸಿತು. ಬರೀ ಇಂಪ್ಲಾಂಟ್ ಇದ್ದವರಲ್ಲಿ ಕಣ್ಣಿನ ಹೊರಗೆ, ದೇಹದ ಬೇರೆ ಕಡೆ, ಸಿಎಂವಿ ಕಾಯಿಲೆ ಕಾಣಿಸಿಕೊಳ್ಳುವ ಅಪಾಯ ಜಾಸ್ತಿ ಇತ್ತು. ಸೋಂಕು ಕಾಣಿಸಿಕೊಂಡಿರುವುದು ಒಂದು ಕಣ್ಣಿನಲ್ಲಾದರೂ ವೈರಸ್ ಅಲ್ಲಿಗೇ ಸೀಮಿತ ಅಲ್ಲ. ಒಂದು ಕಣ್ಣಿಗೆ ಹಾಕಿದ ಔಷಧಿ ಆ ಕಣ್ಣನ್ನಷ್ಟೇ ನೋಡಿಕೊಳ್ಳುತ್ತದೆ.

ಇಷ್ಟಾದ ಮೇಲೆ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಸುಲಭ. ಕಣ್ಣಿಗೆ ಕೊಡುವ ಫಾಸ್ಕಾರ್ನೆಟ್ ಡೋಸ್ ಸಾಮಾನ್ಯವಾಗಿ 2.4 ಮಿಲಿಗ್ರಾಂ, ಬರೀ 0.1 ಮಿಲಿಲೀಟರಿನಲ್ಲಿ. ಒಂದೆರಡು ಹನಿ ಎನ್ನಿ. ನಾಲ್ಕು ಮಿಲಿಲೀಟರ್ ವಿಟ್ರಿಯಸ್‌ನಲ್ಲಿ ಅದು ಹರಡಿಕೊಂಡರೆ ಮಿಲಿಲೀಟರಿಗೆ 600 ಮೈಕ್ರೋಗ್ರಾಂ ಆಯಿತು. ಫಾಸ್ಕಾರ್ನೆಟ್‌ಗೆ ಅಸೈಕ್ಲೋವಿರ್‌ಗಿಂತ ಹೆಚ್ಚು ಮಟ್ಟ ಬೇಕಾಗುತ್ತದೆ, ಆದ್ದರಿಂದ ಈ ಎರಡರ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಬಾರದು. ಗ್ಯಾನ್ಸಿಕ್ಲೋವಿರ್‌ನದು ನೇರ ಹೋಲಿಕೆ. 2 ಮಿಲಿಗ್ರಾಂ ಕಣ್ಣಿಗೆ ಕೊಟ್ಟರೆ ಮೊದಲಿಗೆ ಮಿಲಿಲೀಟರಿಗೆ 500 ಮೈಕ್ರೋಗ್ರಾಂ, ಡ್ರಿಪ್ಪಿನಿಂದ ಒಂದು. ಕಣ್ಣೊಳಗೆ ಹಾಕಿದ ಔಷಧಿ ಗೋಡೆಯ ಒಳಗಡೆಯಿಂದ ರೆಟಿನಾವನ್ನು ಮುಟ್ಟುತ್ತದೆ. ರಕ್ತನಾಳ ಮುಚ್ಚಿದ್ದರೂ ಅದಕ್ಕೆ ಅಡ್ಡಿಯಿಲ್ಲ, ಗೋಡೆ ಭದ್ರವಾಗಿದ್ದರೂ ಚಿಂತೆಯಿಲ್ಲ. ಮಚ್ಚೆಯ ಅಂಚಿಗೂ ಅದರ ಮುಂದಿನ ಚೆನ್ನಾದ ಭಾಗಕ್ಕೂ ಒಂದೇ ಸಮ ಸಿಗುತ್ತದೆ.

ಫಾಸ್ಕಾರ್ನೆಟ್ಟನ್ನೇ ಆರಿಸಲು ಕಾರಣ ಇದೆ. ಅದಕ್ಕೆ ವೈರಸ್ಸಿನ ಕಿಣ್ವದ ಸಹಾಯ ಬೇಡ. ವೈರಸ್ಸಿನ ಡಿಎನ್‌ಎ ನಕಲು ಮಾಡುವ ಯಂತ್ರವನ್ನೇ ಅದು ನೇರವಾಗಿ ಹಿಡಿದು ನಿಲ್ಲಿಸುತ್ತದೆ. ಅಸೈಕ್ಲೋವಿರ್‌ಗೆ ಬಗ್ಗದ ತಳಿ ಇದ್ದರೂ ಇದಕ್ಕೆ ಸಾಮಾನ್ಯವಾಗಿ ಬಗ್ಗುತ್ತದೆ. ಹೀಗೆ ಅಣ್ಣನ ಕಣ್ಣಿಗೆ ಎರಡು ಬೇರೆ ದಾರಿಯಿಂದ ಎರಡು ಬೇರೆ ಔಷಧಿ ಹೋಗುತ್ತಿದೆ. ಇದು ಬೇಕೆಂದೇ ಮಾಡಿದ ಜೋಡಿ. ಬರೀ ಡ್ರಿಪ್ ಅಥವಾ ಮಾತ್ರೆಗಿಂತ ಈ ಜೋಡಿಯಿಂದ ನೋಟ ಉಳಿಯುವುದು, ರೆಟಿನಾ ಕಿತ್ತು ಬರುವುದು ತಪ್ಪುವುದು ಜಾಸ್ತಿ ಎಂದು ಹಲವು ರೋಗಿಗಳ ದಾಖಲೆಗಳು ಸೂಚಿಸಿವೆ. ಅಪರೂಪದ ಕಾಯಿಲೆ ಆದ್ದರಿಂದ ಸಾಕ್ಷ್ಯ ಅಷ್ಟು ಗಟ್ಟಿ ಮಟ್ಟದ್ದಲ್ಲ. ಆದರೂ ಮಚ್ಚೆ ನೋಟದ ಕೇಂದ್ರದತ್ತ ಬರುತ್ತಿದ್ದರೆ ನಾನಂತೂ ಸೂಜಿಯ ಪರ.

ಆ ಸೂಜಿ ಹೇಗಿರುತ್ತದೆ ಎಂದು ಅಣ್ಣನಿಗೆ ಹೇಳಿ. ಕೂದಲಿನಷ್ಟು ಎಂದರೆ ಉತ್ಪ್ರೇಕ್ಷೆ, ಆದರೆ ಬಹಳ ಸಪೂರ. ಮೊದಲು ಮರಗಟ್ಟಿಸುವ ಹನಿ ಹಾಕುತ್ತಾರೆ, ಅಯೋಡಿನ್ ದ್ರಾವಣದಿಂದ ತೊಳೆಯುತ್ತಾರೆ. ಕಪ್ಪುಗುಡ್ಡೆಯ ಅಂಚಿನಿಂದ ಮೂರೂವರೆ–ನಾಲ್ಕು ಮಿಲಿಮೀಟರ್ ದೂರದ ಬಿಳಿಭಾಗದಲ್ಲಿ ಚುಚ್ಚುತ್ತಾರೆ. ಅಲ್ಲಿ ರೆಟಿನಾವೂ ಇಲ್ಲ, ಲೆನ್ಸಿಗೂ ತಗಲುವುದಿಲ್ಲ. ಕೆಲವು ಸೆಕೆಂಡುಗಳ ಕೆಲಸ. ಒತ್ತಿದಂತೆ ಅನಿಸುತ್ತದೆ, ಆಮೇಲೆ ಒಂದಿಷ್ಟು ಉರಿ. ಬ್ಯಾಕ್ಟೀರಿಯಾ ಸೋಂಕು, ರಕ್ತಸ್ರಾವ, ರೆಟಿನಾ ಹರಿಯುವುದು ಇವು ಆಗಬಹುದಾದ ತೊಂದರೆಗಳು, ಆದರೆ ಅಪರೂಪ. ಔಷಧಿ ಕಣ್ಣಲ್ಲಿ ಬಹಳ ದಿನ ನಿಲ್ಲುವುದಿಲ್ಲ. ಅದಕ್ಕೇ ಮೊದಮೊದಲು ವಾರಕ್ಕೆ ಒಂದೆರಡು ಸಲ ಕೊಡಬೇಕಾಗುತ್ತದೆ.

ಎರಡನೆಯ ಪ್ರಶ್ನೆ: ಡ್ರಿಪ್ ಡೋಸ್ ಏರಿಸಿದರೆ? ರಕ್ತದಲ್ಲಿ ಏರಿದ ಮಟ್ಟದ ಕಾಲು ಭಾಗದಷ್ಟೇ ಕಣ್ಣಿನೊಳಗೆ ಏರುತ್ತದೆ, ಆದರೆ ಏರಿಸಿದ ಔಷಧಿ ಹೆಚ್ಚುಕಮ್ಮಿ ಪೂರ್ತಿ ಕಿಡ್ನಿಗೆ ಹೋಗುತ್ತದೆ. ಅಸೈಕ್ಲೋವಿರ್ ಮೂತ್ರದಲ್ಲಿ ಜಾಸ್ತಿಯಾದರೆ ಹರಳುಗಟ್ಟಿ ಕಿಡ್ನಿಯ ಸಣ್ಣ ಕೊಳವೆಗಳನ್ನು ಕಟ್ಟುತ್ತದೆ. ಹಾಗಾಗದಿರಲಿ ಎಂದೇ ಪ್ರತಿ ಡೋಸನ್ನು ಕಡಿಮೆ ಎಂದರೂ ಒಂದು ಗಂಟೆ ಹಿಡಿದು ನಿಧಾನವಾಗಿ ಬಿಡುತ್ತಾರೆ, ನೀರಿನಂಶ ಚೆನ್ನಾಗಿ ಕೊಡುತ್ತಾರೆ, ಕಿಡ್ನಿ ಹೇಗಿದೆ ಎಂದು ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ನೋಡುತ್ತಿರುತ್ತಾರೆ. ಕಿಡ್ನಿ ಸೋತರೆ ಔಷಧಿ ರಕ್ತದಲ್ಲಿ ಉಳಿದು ಮಿದುಳಿಗೆ ತೊಂದರೆ ಕೊಡುತ್ತದೆ. ಗೊಂದಲ, ಕೈನಡುಕ, ಇಲ್ಲದ್ದು ಕಾಣುವುದು ಇವೆಲ್ಲ ಬರಬಹುದು. ಬೇರೆ ಔಷಧಿಗಳ ಕತೆಯೂ ಇಷ್ಟೇ. ಗ್ಯಾನ್ಸಿಕ್ಲೋವಿರ್ ಡ್ರಿಪ್ ಬಿಳಿ ರಕ್ತಕಣ ಇಳಿಸುತ್ತದೆ. ಫಾಸ್ಕಾರ್ನೆಟ್ ಡ್ರಿಪ್ ಕಿಡ್ನಿಗೆ ಕಠಿಣ, ಜೊತೆಗೆ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ ಮಟ್ಟ ಅಲುಗಾಡಿಸುತ್ತದೆ. ಕಣ್ಣಿಗೆ ಕೊಟ್ಟ ಎರಡು ಮಿಲಿಗ್ರಾಂನಿಂದ ಕಿಡ್ನಿಗೆ ಏನೂ ಆಗುವುದಿಲ್ಲ. ಡ್ರಿಪ್ ಏರಿಸುವುದಕ್ಕಿಂತ ಸೂಜಿಯೇ ದೇಹಕ್ಕೆ ಹಗುರ ಎಂದರೆ ಅಣ್ಣ ನಂಬಲಿಕ್ಕಿಲ್ಲ, ಆದರೆ ನಿಜ.

ರೋಗನಿರೋಧಕ ಶಕ್ತಿ ತೀರಾ ಕುಸಿದವರಲ್ಲಿ ಇದೇ ವೈರಸ್ ಇನ್ನೂ ಉಗ್ರವಾಗಿ, ರೆಟಿನಾದ ಮಧ್ಯಭಾಗವನ್ನೂ ಬೇಗ ಹಿಡಿಯುವ ಒಂದು ರೂಪ ತಾಳುತ್ತದೆ. ಅದರಲ್ಲಿ ಬರೀ ಅಸೈಕ್ಲೋವಿರ್ ಡ್ರಿಪ್ ಸಾಲದು ಎಂಬುದು ಹಳೆಯ ಕಹಿ ಅನುಭವ. ಅಣ್ಣನಿಗೆ ಇರುವುದು ಅದಲ್ಲ. ಆದರೂ ಎಚ್‌ಐವಿ ಪರೀಕ್ಷೆ ಮಾಡಿಸಿದ್ದರೆ ಬೇಸರ ಮಾಡಿಕೊಳ್ಳಬೇಡಿ, ಮಾಡಿಸಲೇಬೇಕಾದ ಪರೀಕ್ಷೆ ಅದು.

ಇನ್ನು ಮಾತ್ರೆ. ಹಳೆಯ ಅಸೈಕ್ಲೋವಿರ್ ಮಾತ್ರೆ ನುಂಗಿದರೆ ರಕ್ತಕ್ಕೆ ಸೇರುವುದು 15–30 ಶೇಕಡಾ ಮಾತ್ರ. ನಿಮ್ಮ ಅನುಮಾನ ಅದರ ಬಗ್ಗೆ ಸರಿಯೇ. ಈಗ ಕೊಡುವುದು ಬಹುಶಃ ವ್ಯಾಲಾಸೈಕ್ಲೋವಿರ್. ಅದು ದೇಹದೊಳಗೆ ಹೋಗಿ ಅಸೈಕ್ಲೋವಿರ್ ಆಗಿಯೇ ಬದಲಾಗುತ್ತದೆ, ರಕ್ತಕ್ಕೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಸೇರುತ್ತದೆ. ದಿನಕ್ಕೆ ಮೂರು ಸಲ ಒಂದು ಗ್ರಾಂ ತೆಗೆದುಕೊಂಡವರ ವಿಟ್ರಿಯಸ್ ಅಳೆದಾಗ ಮಿಲಿಲೀಟರಿಗೆ ಸುಮಾರು ಒಂದು ಮೈಕ್ರೋಗ್ರಾಂ ಸಿಕ್ಕಿದೆ. ನಾನು ಮೇಲೆ ಹೇಳಿದ ‘ಕಾಲು ಭಾಗ’ದ ಅಳತೆ ಬಂದದ್ದೂ ಇಂಥ ಮಾತ್ರೆ ತೆಗೆದುಕೊಂಡವರಿಂದಲೇ. ಕಣ್ಣಿನ ಗೋಡೆಗೆ ಔಷಧಿ ಬಾಟಲಿಯಿಂದ ಬಂತೋ ಮಾತ್ರೆಯಿಂದ ಬಂತೋ ಗೊತ್ತಾಗುವುದಿಲ್ಲ, ರಕ್ತದಲ್ಲಿ ಎಷ್ಟಿದೆ ಎಂಬುದಷ್ಟೇ ಲೆಕ್ಕ. ಸಿಎಂವಿಯಲ್ಲೂ ಹೀಗೆಯೇ ಆಯಿತು. ವ್ಯಾಲ್‌ಗ್ಯಾನ್ಸಿಕ್ಲೋವಿರ್ ಮಾತ್ರೆ ಮೊದಲ ಹಂತದ ಚಿಕಿತ್ಸೆಯಲ್ಲೂ ಡ್ರಿಪ್ಪಿಗೆ ಸಮ ಎಂದು 2002ರ ಅಧ್ಯಯನ ತೋರಿಸಿತು.

ಹಾಗಾಗಿ ಡ್ರಿಪ್ಪಿನಿಂದ ಮಾತ್ರೆಗೆ ಬದಲಾಯಿಸುವುದನ್ನು ಚಿಕಿತ್ಸೆ ಸಡಿಲಿಸಿದಂತೆ ಎಂದುಕೊಳ್ಳಬೇಡಿ. ಮೊದಲ ಐದರಿಂದ ಹತ್ತು ದಿನ, ಕೆಲವರಿಗೆ ಎರಡು ವಾರ, ಡ್ರಿಪ್ ಕೊಟ್ಟು ಆಮೇಲೆ ಮಾತ್ರೆಗೆ ಹೋಗುವುದು ರೂಢಿ. ಕೆಲವು ವೈದ್ಯರು ಶುರುವಿನಿಂದಲೇ ಹೆಚ್ಚಿನ ಡೋಸ್ ವ್ಯಾಲಾಸೈಕ್ಲೋವಿರ್ ಮಾತ್ರೆ ಮತ್ತು ಕಣ್ಣಿನ ಇಂಜೆಕ್ಷನ್ ಜೋಡಿಸಿ ಚಿಕಿತ್ಸೆ ಮಾಡುತ್ತಾರೆ, ಅದೂ ಒಪ್ಪಿತ ದಾರಿಯೇ. ವಾಂತಿ ಇದ್ದರೆ, ಮಿದುಳಿಗೂ ಸೋಂಕು ಇರುವ ಅನುಮಾನ ಇದ್ದರೆ, ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಾರೆಂಬ ಭರವಸೆ ಇಲ್ಲದಿದ್ದರೆ ನಾನು ಡ್ರಿಪ್ಪನ್ನೇ ಬಯಸುತ್ತೇನೆ.

ಮಾತ್ರೆ ಆರು ವಾರದಿಂದ ಮೂರು ತಿಂಗಳವರೆಗೆ ಹೋಗುತ್ತದೆ. ಕಣ್ಣು ಆರಿದ ಹಾಗೆ ಕಂಡರೂ ಇಷ್ಟು ದಿನ ಯಾಕೆ ಎಂದು ಅಣ್ಣ ಕೇಳಬಹುದು. ಕಾರಣ ಎಡಗಣ್ಣು. ಈ ಕಾಯಿಲೆ ಎರಡನೆಯ ಕಣ್ಣಿಗೆ ಬರುವುದಾದರೆ ಹೆಚ್ಚಾಗಿ ಮೊದಲ ಆರು ವಾರಗಳಲ್ಲೇ ಬರುತ್ತದೆ, ಅಪರೂಪಕ್ಕೆ ವರ್ಷಗಳ ನಂತರವೂ ಬಂದದ್ದುಂಟು. 1991ರ ಒಂದು ಅಧ್ಯಯನದಲ್ಲಿ ಅಸೈಕ್ಲೋವಿರ್ ಪಡೆದವರಲ್ಲಿ ಎರಡು ವರ್ಷದ ನಂತರವೂ 75.3 ಶೇಕಡಾ ಜನರ ಇನ್ನೊಂದು ಕಣ್ಣು ಸುರಕ್ಷಿತವಾಗಿತ್ತು. ಪಡೆಯದವರಲ್ಲಿ 35.1 ಶೇಕಡಾ ಮಾತ್ರ. ಗಮನಿಸಿ, ಆ ಇನ್ನೊಂದು ಕಣ್ಣಿನ ಗೋಡೆ ಪೂರ್ತಿ ಭದ್ರವಾಗಿರುತ್ತದೆ, ಔಷಧಿ ಹೋಗುವುದು ಸ್ವಲ್ಪವೇ. ಆದರೆ ವೈರಸ್ ಇನ್ನೂ ಬೀಡು ಬಿಡುವ ಮೊದಲು ತಡೆಯಲು ಆ ಸ್ವಲ್ಪ ಬಹಳಷ್ಟು ಜನರಿಗೆ ಸಾಕಾಗಿದೆ. ಬಲಗಣ್ಣಿನ ಸೂಜಿಯಿಂದ ಎಡಗಣ್ಣಿಗೆ ಮೂರು ಕಾಸಿನ ಉಪಯೋಗವಿಲ್ಲ. ಆ ಕೆಲಸ ರಕ್ತದಲ್ಲಿ ಹರಿಯುವ ಔಷಧಿಯದೇ.

ಕೊನೆಗೆ ಮನೆಯಲ್ಲಿ ನೋಡಿಕೊಳ್ಳಬೇಕಾದದ್ದು. ಸ್ಟೀರಾಯ್ಡ್ ಕೊಟ್ಟಿದ್ದರೆ ಅದನ್ನು ಆಂಟಿವೈರಲ್ ಜೊತೆಗೇ ತೆಗೆದುಕೊಳ್ಳಬೇಕು. ಆಂಟಿವೈರಲ್ ನಿಲ್ಲಿಸಿ ಬರೀ ಸ್ಟೀರಾಯ್ಡ್ ಮುಂದುವರಿಸಿದರೆ ವೈರಸ್ಸಿಗೆ ಹಬ್ಬ. ನೀರು ಚೆನ್ನಾಗಿ ಕುಡಿಯಲಿ. ವೈದ್ಯರು ಬೇಡ ಎಂದಿದ್ದರೆ ಮಾತ್ರ ಬೇಡ. ನೋವಿನ ಮಾತ್ರೆಗಳನ್ನು ಕೇಳದೆ ನುಂಗಬಾರದು, ಅವೂ ಕಿಡ್ನಿಗೆ ಭಾರ. ಸತ್ತ ರೆಟಿನಾ ತೆಳ್ಳಗಾಗಿ ತೂತು ಬೀಳುತ್ತದೆ, ವೈರಸ್ ಪೂರ್ತಿ ಹೋದ ಮೇಲೂ ಮೊದಲ ಕೆಲವು ತಿಂಗಳಲ್ಲಿ ಅದು ಕಿತ್ತು ಬರುವ ಸಾಧ್ಯತೆ ಈ ಕಾಯಿಲೆಯಲ್ಲಿ ಜಾಸ್ತಿ. ಕಿತ್ತು ಬಂದದ್ದನ್ನು ಯಾವ ಔಷಧಿಯೂ ಸರಿಪಡಿಸಲಾರದು, ಆಪರೇಷನ್ ಬೇಕಾಗುತ್ತದೆ. ಬಲಗಣ್ಣಿಗೆ ಮಿಂಚು ಹೊಡೆದಂತೆ ಕಂಡರೆ, ಒಮ್ಮೆಲೇ ಚುಕ್ಕೆಗಳ ಮಳೆ ಸುರಿದಂತಾದರೆ, ಪಕ್ಕದಿಂದ ಕಪ್ಪು ಪರದೆ ಸರಿದು ಬಂದಂತಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ಒಂದೇ ದೂರದಲ್ಲಿಟ್ಟ ಪುಸ್ತಕದ ಒಂದು ಪುಟವನ್ನು ದಿನವೂ ಓದಿ ನೋಡಲಿ. ಅಕ್ಷರ ಮಂಜಾದರೆ, ಎಡಗಣ್ಣು ಕೆಂಪಾದರೆ, ಹೊಸ ಚುಕ್ಕೆ ತೇಲಿದರೆ ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯಬೇಡಿ. ಕಣ್ಣಿನ ಇಂಜೆಕ್ಷನ್ ಆದ ಒಂದೆರಡು ದಿನಗಳಲ್ಲಿ ನೋವು ಏರುತ್ತ ಹೋಗಿ ನೋಟ ಇಳಿದರೆ ಆಗಲೂ ಅಷ್ಟೇ, ರಾತ್ರಿಯಾದರೂ ಫೋನ್ ಮಾಡಿ.